ಮೊದಲ ಟಿಕಳಿ

ಗಂಟಲಮಾರಿ ಎಂಬುದನ್ನು ಬನಹಟ್ಟಿಯ ಆ ಓಣಿಯವರು ಮರೆತೇಬಿಟ್ಟಿದ್ದರು. ಮುದುಕಿಯರು ಸಿಟ್ಟು ಬಂದಾಗ ಬೈಗುಳಕ್ಕೆ ಬಳಸುತ್ತಿದ್ದರು, ಅಷ್ಟೆ. ಅದೊಂದು ರೋಗ, ಅದು ಮತ್ತೆ ಬಾಗಿಲು ತಟ್ಟೀತು ಎಂದು ಯಾರ ಕನಸಿನಲ್ಲೂ ಇರಲಿಲ್ಲ. ಪಂಚಮಿ ಮುಗಿದು ಇನ್ನೂ ಉಂಡಿಯ ಡಬ್ಬಿಗಳು ಖಾಲಿಯಾಗಿರಲಿಲ್ಲ, ಅಷ್ಟರಲ್ಲಿ ನೇಕಾರ ಸಿದ್ದಾರೂಢನ ಮಗಳು ರೇಷ್ಮಾ ಸತ್ತಳು. ಮೊದಲು ಗಂಟಲು ನೋವೆಂದಳು. ಆಮೇಲೆ ಕುತ್ತಿಗೆ ಬಾತಿತು. ಗಂಟಲೊಳಗೆ ಬೂದಿ ಬಣ್ಣದ ಪೊರೆ ಕಟ್ಟಿ ಉಸಿರಿಗೆ ದಾರಿಯೇ ಇಲ್ಲದಾಯಿತು. ದೊಡ್ಡ ಆಸ್ಪತ್ರೆಗೆ ಒಯ್ಯುವ ಹಾದಿಯಲ್ಲಿ, ಅವ್ವನ ತೊಡೆಯ ಮೇಲೆ, ಕೂಸು ತಣ್ಣಗಾಯಿತು. ಅವ್ವ ಮಾಯವ್ವ ಅಳಲಿಲ್ಲವಂತೆ. "ಈಗರ ಮಲಗ್ಯಾಳ, ಎಬ್ಬಿಸಬ್ಯಾಡ್ರಿ" ಎಂದು ಅಂಬುಲೆನ್ಸಿನವನನ್ನೇ ಗದರಿಸಿದಳಂತೆ.

ಸುದ್ದಿ ಅಕ್ಷತಾಗೆ ಮುಟ್ಟಿದಾಗ ಅವಳು ತರಗತಿಯಲ್ಲಿದ್ದಳು. ಅವಳು ಅದೇ ಓಣಿಯ ಈಶ್ವರನ ಮಗಳು. ಸಿದ್ದಾರೂಢ ನೇಯುತ್ತಿದ್ದದ್ದು ಅವಳ ಅಪ್ಪನ ಪಾವರ್‌ಲೂಮಿನಲ್ಲೇ. ಡಾಕ್ಟರಿಕೆ ಓದಿ ಮುಗಿಸಿ, ಈಗ ಅದರ ಮೇಲೊಂದು ವಿದ್ಯೆ ಕಲಿಯಲು ಸೇರಿದ್ದಳು. ರೋಗಿಯ ನಾಡಿ ಹಿಡಿಯುವುದು ಒಂದು ವಿದ್ಯೆಯಾದರೆ ಊರಿನ ನಾಡಿ ಹಿಡಿಯುವುದು ಇನ್ನೊಂದು: ರೋಗ ಯಾರಿಗೆ ಬಂತು, ಎಲ್ಲಿ ಬಂತು, ಯಾವಾಗ ಬಂತು, ಯಾಕೆ ಬಂತು ಎಂದು ಹುಡುಕುತ್ತ ಹೋಗುವ ವಿದ್ಯೆ. ಅವಳ ಗುರು ಗುರುಪಾದ ಸರ್, ಮುಧೋಳ ಕಡೆಯವರು, ಪಾಠದ ಮೊದಲ ದಿನವೇ ಹೇಳಿದ್ದರು: "ಇದರಾಗ ಔಷಧಕ್ಕಿಂತ ಪ್ರಶ್ನೆ ದೊಡ್ಡದು." ಅಕ್ಷತಾಗೆ ಆ ಮಾತು ಬಹಳ ಹಿಡಿಸಿತ್ತು. ಮಾತು ಹಿಡಿಸುವುದು ಬೇರೆ, ಮೈಗೆ ಹತ್ತುವುದು ಬೇರೆ ಎಂದು ಆಗ ಗೊತ್ತಿರಲಿಲ್ಲ.

ಓಣಿಯಲ್ಲಿ ಇನ್ನೂ ಮೂವರು ಗಂಟಲು ಹಿಡಿದುಕೊಂಡು ಮಲಗಿದ್ದರು. ತನಿಖೆಯ ತಂಡಕ್ಕೆ ಅಕ್ಷತಾಳನ್ನೇ ಸೇರಿಸಿದರು. ಊರಿನ ಮಗಳು, ಜನ ಮಾತಾಡುತ್ತಾರೆ ಎಂಬುದು ಒಂದು ಕಾರಣ. ಪಂಚಮಿಗೆ ಮುಂಚೆ ತರಬೇತಿಗೆಂದು ಮಕ್ಕಳ ವಾರ್ಡಿನಲ್ಲಿದ್ದಾಗ ಇದೇ ರೋಗವನ್ನು ಕಣ್ಣಾರೆ ಕಂಡಿದ್ದಳು ಎಂಬುದು ಇನ್ನೊಂದು. ಹಬ್ಬಕ್ಕೆ ಬಂದು, ಮನೆಯಲ್ಲಿ ಜೋಕಾಲಿ ಆಡಿ, ಅಪ್ಪನ ಅವ್ವ ಆಯಿಯ ಆಸೆಗಳನ್ನೆಲ್ಲ ತೀರಿಸಿ ಹೋಗಿದ್ದ ಹುಡುಗಿ ಈಗ ಮೂಗಿಗೆ ಮುಸುಕು ಕಟ್ಟಿಕೊಂಡು ಅದೇ ಓಣಿಗೆ ಬಂದಿಳಿದಳು.

ಬಂದವಳೇ ಓಣಿಯ ನಕ್ಷೆ ಬರೆದು ಸಮುದಾಯ ಭವನದ ಗೋಡೆಗೆ ಅಂಟಿಸಿದಳು. ರೋಗ ಬಂದ ಮನೆ ಗುರುತಿಸಲು ಕೈಗೆ ಏನೂ ಸಿಗಲಿಲ್ಲ. ಆಯಿ ಗಂಗಾಂಬಿಕಾ ತನ್ನ ಟಿಕಳಿಯ ಹಾಳೆಯನ್ನೇ ಕೊಟ್ಟಳು. ಹಣೆಗಿಡುವ ಕೆಂಪು ಟಿಕಳಿಗಳು ನಕ್ಷೆಯ ಮೇಲೆ ಕೂತವು. ಎಲ್ಲಕ್ಕಿಂತ ದೊಡ್ಡದನ್ನು ಸಿದ್ದಾರೂಢನ ಮನೆಯ ಮೇಲೆ ಹಚ್ಚಿದಳು, ಮೊದಲು ರೋಗ ಕಂಡದ್ದು ಅಲ್ಲೇ ಆದ್ದರಿಂದ.

ಓಣಿಯ ಹಿರಿಯ ಗಿರಿಮಲ್ಲಪ್ಪ ನಕ್ಷೆಯ ಮುಂದೆ ಬಂದು ನಿಂತ. ಸಿದ್ದಾರೂಢ ಬಾಡಿಗೆಗಿದ್ದ ಖೋಲಿ ಅವನದು.

"ಯಾರ ಮನಿಯಿಂದ ಸುರು ಆತು ತಂಗಿ ಇದು?"

"ಮೊದಲನೇ ಕೇಸ್ ಸಿದ್ದಾರೂಢಂದು ಕಾಕಾ. ಪಂಚಮಿಗೆ ಅವ್ರು ಗಲಗಲಿಗೆ ಮಾಯವ್ವನ ತವರಮನಿಗೆ ಹೋಗಿದ್ರಲ್ಲ, ಅಲ್ಲಿಂದನ ಬಂದಿರಬೇಕು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಷತಾ ಅದನ್ನು ಹೇಳಿ ಬಿಸಿಲಲ್ಲಿ ಮುಂದಿನ ಮನೆಗೆ ಹೋದಳು. ಅವಳ ಮಾತು ಅವಳಿಗಿಂತ ಮೊದಲೇ ಓಣಿ ಸುತ್ತಿ ಬಂತು. ಮಾಯವ್ವನ ಕಡೆಯವರು ಕುರಿ ಕಾಯುವ ಮಂದಿ, ಗಲಗಲಿಯ ಹೊಳೆದಂಡೆಯಿಂದ ರೋಗ ಹೊತ್ತು ತಂದರು ಎಂದು ಒಬ್ಬರೆಂದರೆ, ಮಗಳನ್ನೂ ತಿಂದರು ಓಣಿಯನ್ನೂ ತಿಂದರು ಎಂದು ಇನ್ನೊಬ್ಬರು. ಸಂಜೆ ಅವಳು ಗಂಟಲಿನ ಮಾದರಿಗಳನ್ನು ಪೆಟ್ಟಿಗೆಗೆ ತುಂಬಿಕೊಂಡು ಹೊರಳಿ ಬರುವಾಗ ಸಿದ್ದಾರೂಢನ ಪಾತ್ರೆಪಗಡಿ ರಸ್ತೆಯ ಮೇಲಿದ್ದವು, ಬಾಗಿಲಿಗೆ ಬೀಗ ಬಿದ್ದಿತ್ತು. ಮಾಯವ್ವ ಕೂಸಿನ ಹಾಸಿಗೆಯನ್ನು ಸುತ್ತಿ ಎದೆಗೆ ಅವುಚಿಕೊಂಡು ಗೋಡೆಗೆ ಒರಗಿ ಕೂತಿದ್ದಳು. ಕೂಸನ್ನು ಮಣ್ಣು ಮಾಡಿದ ಕೈಯ ಕೆಸರು ಇನ್ನೂ ಸಿದ್ದಾರೂಢನ ಉಗುರಲ್ಲಿತ್ತು.

ಅಕ್ಷತಾ ಪೆಟ್ಟಿಗೆ ಹಿಡಿದುಕೊಂಡೇ ಅಪ್ಪನ ಹತ್ತಿರ ಓಡಿದಳು. "ಅಪ್ಪಾ, ಇದೇನಿದು? ನೀವರ ಹೇಳಬಾರದಾ?" ಎಂದು ಈಶ್ವರನನ್ನು ಕೇಳಿದಳು.

"ನಾ ಏನ ಹೇಳ್ಲಿ? ನನ್ನ ಕೆಲಸಗಾರರೆಲ್ಲಾ, ಅಂವ ಬಂದ್ರ ನಾವ್ ಬರೂದಿಲ್ಲ ಅಂದ್ರು. ನಾನೂ ಬಿಡಿಸಿದೆ. ನೀನ ಹೇಳಿದ್ಯಲ್ಲ, ಅವ್ರ ಮನಿಯಿಂದ ಸುರು ಆತಂತ."

ಅಕ್ಷತಾ ತಾನು ಹೇಳಿದ್ದು ಸುಳ್ಳೇನೂ ಅಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡಳು. ಸಿದ್ದಾರೂಢ ಗಂಟುಮೂಟೆ ಟಂಟಂ ಗಾಡಿಗೆ ಹೇರಿದ. ಮಾಯವ್ವ ಹತ್ತುವ ಮೊದಲು ಒಮ್ಮೆ ಅಕ್ಷತಾಳ ಕಡೆ ನೋಡಿದಳು, ಏನೋ ಕೇಳಬೇಕೆನ್ನುವಂತೆ.

ಮರುದಿನ ಗುರುಪಾದ ಸರ್ ಬಂದರು. ನಕ್ಷೆಯ ಮುಂದೆ ಬಹಳ ಹೊತ್ತು ನಿಂತರು. ಶಿಷ್ಯೆ ಶಹಬ್ಬಾಸಗಿರಿಗೆ ಕಾದಿದ್ದಳು. ಸಿಕ್ಕಿದ್ದು ಬೇರೆಯೇ.

"ಬ್ಯಾನಿ ಬಂದವ್ರೆಲ್ಲಾ ಇಲ್ಲಿ ಅದಾರ. ಬರಲಾರದವ್ರು ಎಲ್ಲಿ ಅದಾರ?"

"ಬರಲಾರದವ್ರನ್ನ ಯಾಕ್ರಿ ಸರ್?"

"ಯಾಕಂದ್ರ ಏನವಾ! ಬ್ಯಾನಿ ಬಂದವ್ರೆಲ್ಲಾ ನೀರು ಕುಡದಿರ್ತಾರ. ಬರಲಾರದವ್ರೂ ಕುಡದಿರ್ತಾರ. ಹಂಗಾರ ನೀರಿಂದ ಬಂತು ಅನ್ನಾಕ ಆಕ್ಕೈತೇನು? ಇವ್ರು ಮಾಡಿದ್ದು, ಅವ್ರು ಮಾಡಲಾರದ್ದು ಏನೈತಿ ಅನ್ನೂದನ್ನ ಹುಡುಕಬೇಕು. ಇರ್ಲಿ. ಗಲಗಲ್ಯಾಗ ಯಾರಿಗರ ಗಂಟಲ ಬ್ಯಾನಿ ಐತೇನು, ಕೇಳಿದ್ದೇನು?"

ಕೇಳಿರಲಿಲ್ಲ. ಅಲ್ಲಿಯ ನರ್ಸಿಗೆ ನಿಂತಲ್ಲೇ ಫೋನ್ ಹಚ್ಚಿದಳು. ಗಲಗಲಿಯಲ್ಲಿ ಹಬ್ಬದ ಮೊದಲೂ ಇಲ್ಲ, ಆಮೇಲೂ ಇಲ್ಲ. ಮಾಯವ್ವನ ತವರಿನಲ್ಲಿ ಒಂದು ಸಾದಾ ಕೆಮ್ಮು ಸಹ ಇರಲಿಲ್ಲ.

ಅಕ್ಷತಾ ಫೋನು ಕೆಳಗಿಟ್ಟಳು. ಕಾಗೆ ಕೂತದ್ದಕ್ಕೂ ಟೊಂಗೆ ಮುರಿದದ್ದಕ್ಕೂ ಗಂಟು ಹಾಕಿ, ಕೂಸು ಕಳೆದುಕೊಂಡವರನ್ನು ಬೀದಿಗೆ ನಿಲ್ಲಿಸಿದ್ದಳು. ಗುರುಪಾದರು ಬೈಯಲಿಲ್ಲ, ಅದು ಇನ್ನೂ ಕೆಟ್ಟದಾಗಿತ್ತು. "ಮೊದಲ ಬ್ಯಾನಿ ಬಿದ್ದಾವ ಬ್ಯಾನಿ ತಂದಾವ ಅಲ್ಲ. ತಂದಾವ ಬ್ಯಾನಿನ ಬೀಳಲಾರದ ಗಟ್ಟಿಮುಟ್ಟಾಗಿ ಓಡ್ಯಾಡಿಕೋತ ಇರಬಹುದು. ಲಸಿಕಿ ಸೂಜಿ ಹಾಕ್ಸಿಕೊಂಡಾವಗ ರೋಗ ಬರೂದಿಲ್ಲ, ಆದ್ರ ಅಂವನ ಗಂಟಲದಾಗ ಹುಳ ಕುಂತಿರ್ತಾವ. ನಡೀರಿ, ಓಣಿ ನೋಡೂನು."

ಓಣಿ ನೋಡಿದರು. ಎಲ್ಲರಿಗೂ ಒಂದೇ ನಲ್ಲಿಯ ನೀರು, ಒಂದೇ ಕಿರಾಣಿ ಅಂಗಡಿ, ಶ್ರಾವಣದಲ್ಲಿ ಒಂದೇ ಮಠದ ಪ್ರಸಾದ. ಆದರೂ ಗಿರಿಮಲ್ಲಪ್ಪನ ಮಗ್ಗದ ಮನೆಯಲ್ಲಿ ಒಬ್ಬರಿಗೂ ರೋಗವಿಲ್ಲ. ರಸ್ತೆ ದಾಟಿದರೆ ಈಶ್ವರನ ಮಗ್ಗದ ಮನೆ, ಮಲಗಿದವರೆಲ್ಲ ಅಲ್ಲಿ ದುಡಿಯುವವರು. ಗಿರಿಮಲ್ಲಪ್ಪ ಎದೆಯುಬ್ಬಿಸಿ, "ನಮ್ಮದು ಹೊಸಾ ಮಷೀನರಿ. ಲಾಳೀನ ಇಲ್ಲ ನೋಡ್ರಿ!" ಎಂದು ತೋರಿಸಿದ. ಗುರುಪಾದರಿಗೆ ಮಗ್ಗದ ಗಂಧಗಾಳಿ ಗೊತ್ತಿಲ್ಲ. ಲಾಳಿಯೆಂದರೇನು, ತೋರಿಸಿ ಎಂದರು.

ಈಶ್ವರನ ಮಗ್ಗದ ಮನೆಯೊಳಗೆ ಖಟಖಟ ಸದ್ದಿಗೆ ಕಿವಿಯ ತಮಟೆ ಹರಿಯುವಂತಿತ್ತು. ಬಾಗಿಲ ಬಳಿ ಆಯಿ ಗಂಗಾಂಬಿಕಾ ನೂಲಿನ ಕಂಡಿಕೆ ಸುತ್ತುತ್ತ ಕೂತಿದ್ದಳು. ಒಬ್ಬ ನೇಕಾರನ ಲಾಳಿಯಲ್ಲಿ, ಮಗ್ಗದಲ್ಲಿ ಅಡ್ಡನೂಲು ಹೊತ್ತು ಓಡುವ ಆ ಮರದ ತುಂಡಿನಲ್ಲಿ, ನೂಲು ಮುಗಿಯಿತು. ಅವನು ಮಗ್ಗ ನಿಲ್ಲಿಸಿ, ಲಾಳಿ ತೆಗೆದು, ಖಾಲಿ ಕಂಡಿಕೆಯ ಜಾಗಕ್ಕೆ ತುಂಬಿದ್ದನ್ನು ಸಿಕ್ಕಿಸಿ, ಲಾಳಿಯ ಪಕ್ಕದ ಸಣ್ಣ ತೂತಿಗೆ ಬಾಯಿ ಹಚ್ಚಿ ಸರಕ್ಕನೆ ಉಸಿರೆಳೆದ. ಎಳೆ ತೂತಿನಿಂದ ಅವನ ತುಟಿಗೆ ಬಂತು. ಮಗ್ಗ ಮತ್ತೆ ಓಡತೊಡಗಿತು.

ಗುರುಪಾದರು ದಂಗಾಗಿ ನಿಂತರು. "ಏನ ಮಾಡಿದ್ರಿ ಈಗ?"

ನೇಕಾರ ತಬ್ಬಿಬ್ಬಾದ. ಉಣ್ಣುವವನನ್ನು ಹಿಡಿದು ಏನು ಮಾಡಿದೆ ಎಂದು ಕೇಳಿದರೆ ಏನು ಹೇಳಬೇಕು? "ಎಳಿ ತಗದ್ನಿರಿ."

"ಬಾಯಿಲೆ?"

"ಮತ್ತ ಹೆಂಗ ತಗೀತಾರ್ರಿ?"

"ಈ ಲಾಳಿ ನಿಮ್ಮೊಬ್ಬರದ?"

"ಮಗ್ಗದ್ದರಿ. ಈಗ ನಾ ಅದೀನಿ. ನನ್ನ ಪಾಳಿ ಮುಗದ ಮ್ಯಾಲೆ ಇನ್ನೊಬ್ಬ ಬರ್ತಾನ. ಅಂವನೂ ಹಿಂಗ ತಗೀತಾನ."

ಅಕ್ಷತಾಳ ಅಜ್ಜನೂ ಹೀಗೇ ಎಳೆ ತೆಗೆಯುತ್ತಿದ್ದ, ಅಪ್ಪನೂ ಹೀಗೇ. ಮಾತು ಬರುವುದಕ್ಕಿಂತ ಮೊದಲೇ ಅವಳು ಈ ಸದ್ದನ್ನು ಕೇಳಿ ಬೆಳೆದವಳು. ಬಗಲಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಗಿತ್ತು. ಮನೆಮನೆಗೆ ಹೋಗಿ ನೀರು ಕೇಳಿದ್ದಳು, ಐಸ್‌ಕ್ಯಾಂಡಿ ಕೇಳಿದ್ದಳು, ಯಾರ ಮದುವೆಯಲ್ಲಿ ಉಂಡಿರಿ ಎಂದು ಕೇಳಿದ್ದಳು. ಒಬ್ಬರ ಎಂಜಲು ಇನ್ನೊಬ್ಬರ ಬಾಯಿಗೆ ಹೋಗುವ ಈ ತೂತು ಕಣ್ಣ ಮುಂದೆಯೇ ಇತ್ತು. ಸಿದ್ದಾರೂಢ ಈ ಲಾಳಿಗೆ ಬಾಯಿ ಹಚ್ಚಿ ಮನೆಗೆ ಹೋಗಿ, ಅದೇ ಬಾಯಿಂದ ಕೂಸಿಗೆ ಮುದ್ದು ಕೊಟ್ಟಿರುತ್ತಾನೆ, ತನ್ನ ತಾಟಿನಲ್ಲೇ ತುತ್ತು ಕೊಟ್ಟಿರುತ್ತಾನೆ. ಅಪ್ಪ ಕೆಲಸ ಹುಡುಕಿಕೊಂಡು ಊರಿಂದೂರಿಗೆ ಅಲೆದ ಅಲೆದಾಟದಲ್ಲಿ ಆ ಕೂಸಿಗೆ ಸೂಜಿಗಳು ಅರ್ಧಕ್ಕೇ ನಿಂತಿದ್ದವು.

ಸಿಕ್ಕಿತು ಎಂದು ಅವಳಿಗೆ ಒಳಗೊಳಗೇ ಹಿಗ್ಗೂ ಆಯಿತು. ಕಲಿಯುವವರ ಪಾಪಿ ಹಿಗ್ಗು! ಗುರುಪಾದರು ಮಾತ್ರ ಅಲ್ಲಿಗೇ ನಿಲ್ಲಲಿಲ್ಲ.

"ಹಬ್ಬಕ್ಕ ಮಗ್ಗ ನಿಂತಿದ್ವಲ್ಲ? ಮತ್ತ ಸುರು ಮಾಡಿದ ದಿನ ಈ ಲಾಳಿಗೆ ಮೊದಲ ಬಾಯಿ ಹಚ್ಚಿದವ್ರು ಯಾರು?"

ಉತ್ತರ ಬಂದದ್ದು ಬಾಗಿಲಿನಿಂದ. ಆಯಿ ಕಂಡಿಕೆ ಕೆಳಗಿಟ್ಟು, ಹೆಮ್ಮೆಯಿಂದ ಸೆರಗು ಸರಿಮಾಡಿಕೊಂಡಳು.

"ಮತ್ಯಾರ್ರೀ? ನಮ್ಮ ಅಕ್ಷತಾ! ನಮ್ಮನ್ಯಾಗ ಅದು ನಾ ಬಂದಾಗಿಂದ ನಡದ ಬಂದ ರೂಢಿ ಐತ್ರಿ. ಪಂಚಮಿಗೆ ಬಂದ ಮನಿಮಗಳು ಎಲ್ಲಾ ಲಾಳಿಗೂ ಮೊದಲನೇ ಎಳಿ ತಗದು ಕೊಡಬೇಕು. ಮನಿಮಗಳ ಉಸಿರ ತಾಕಿದ್ರ ವರ್ಷಾನಗಟ್ಲೆ ಎಳಿ ಹರಿಯೂದಿಲ್ಲ. ಈ ಸಲಾನೂ ಒಂದೂ ಬಿಡಲಾರದ ತಗದು ಕೊಟ್ಟು ಬಸ್ ಹತ್ಯಾಳ ನನ್ನ ಬಂಗಾರ."

ಮಗ್ಗಗಳು ಓಡುತ್ತಲೇ ಇದ್ದವು. ಅಕ್ಷತಾಗೆ ಮಾತ್ರ ಏನೂ ಕೇಳದಾಯಿತು. ಮಕ್ಕಳ ವಾರ್ಡು ಕಣ್ಣ ಮುಂದೆ ಬಂತು. ಗಂಟಲು ನೋಡಲು ಬಗ್ಗಿದಾಗ ಮುಖದ ಮೇಲೆಯೇ ಕೆಮ್ಮಿದ ಒಂದು ಹುಡುಗ. ಮುಸುಕು ಜಾರಿತ್ತು. ಮುಖ ತೊಳೆದುಕೊಂಡು, ನನಗೆ ಸೂಜಿಗಳೆಲ್ಲ ಆಗಿವೆ ಎಂದು ನಕ್ಕು, ಹಬ್ಬಕ್ಕೆ ಹೊರಟು ಬಂದಿದ್ದಳು. ಓಣಿಯ ಪ್ರತಿಯೊಂದು ಗಂಟಲಿಗೂ ಹತ್ತಿಯ ಕಡ್ಡಿ ಹಾಕಿದ್ದಳು, ತನ್ನ ಗಂಟಲೊಂದನ್ನು ಬಿಟ್ಟು. ತನಿಖೆ ಮಾಡುವವಳೂ ಎಣಿಕೆಯಲ್ಲಿ ಸೇರುತ್ತಾಳೆ ಎಂದು ಹೊಳೆದೇ ಇರಲಿಲ್ಲ.

"ಸರ್..." ಎಂದಳು. ವಾರ್ಡಿನಲ್ಲಿ ಆದದ್ದನ್ನು ಹೇಳಿದಳು.

"ಬಾಯಿ ತಗಿ ಅಕ್ಷತಾ" ಎಂದರು ಗುರುಪಾದ ಮೆತ್ತಗೆ, ಮತ್ತು ತಾವೇ ಕಡ್ಡಿ ಹಿಡಿದರು.

ಲಾಳಿಗಳು ಕುದಿಯುವ ನೀರಿಗೆ ಬಿದ್ದವು. ಎಳೆ ತೆಗೆಯಲು ತಂತಿಯ ಕೊಕ್ಕೆಗಳು ಬಂದವು. ಓಣಿಗೆಲ್ಲ ಗುಳಿಗೆ ಹಂಚಿದರು, ಬಿಟ್ಟುಹೋದ ಸೂಜಿ ಹಾಕಿದರು. ಹೊಸದಾಗಿ ಯಾರೂ ಮಲಗಲಿಲ್ಲ, ಮಲಗಿದವರು ಎದ್ದರು. ಪರೀಕ್ಷೆಯ ವರದಿಯೂ ಬಂತು: ಅಕ್ಷತಾಳ ಗಂಟಲಲ್ಲಿ ಅದೇ ಹುಳ ಹಾಯಾಗಿ ಕೂತಿತ್ತು. ಅವಳಿಗೆ ಒಂದು ದಿನ ಸೀನು ಕೂಡ ಬಂದಿರಲಿಲ್ಲ.

ಇದು ಖಾತ್ರಿಯೇ ಎಂದು ಅವಳು ಕೇಳಿದಳು. ಇಲ್ಲ ಅಂದಾರು ಎಂಬ ಸಣ್ಣ ಆಸೆಯಿತ್ತು.

"ನೂರಕ್ಕ ನೂರು ಖಾತ್ರಿ ಅಂತ ಈ ವಿದ್ಯಾದಾಗ ಯಾರೂ ಹೇಳೂದಿಲ್ಲ" ಎಂದರು ಗುರುಪಾದ. "ಆದ್ರ ಹೊತ್ತು ನೋಡು, ಜಾಗಾ ನೋಡು, ಮಂದಿ ನೋಡು. ಎಲ್ಲಾ ನಿನ್ನ ಕಡೇನ ಬೊಟ್ಟು ಮಾಡ್ತಾವ. ಇನ್ನೊಬ್ಬರ ಬಗ್ಗೆ ಇಷ್ಟು ಸಿಕ್ಕಿದ್ರ ನೀ ಏನ ಬರೀತಿದ್ದಿ, ಅದನ್ನ ಬರಿ."

ಇನ್ನೊಬ್ಬರ ಬಗ್ಗೆ ಇದರ ಕಾಲುಭಾಗ ಸಿಕ್ಕಿದಾಗಲೇ ಅವಳು ಓಣಿಗೆಲ್ಲ ಹೇಳಿಯಾಗಿತ್ತು.

ಮನೆಯಲ್ಲಿ ಈಶ್ವರ ಕೈ ಮುಗಿದ. "ಸರಕಾರಕ್ಕ ಬರೀ, ಬ್ಯಾಡನ್ನೂದಿಲ್ಲ. ಓಣ್ಯಾಗ ಬಾಯಿ ಬಿಡಬ್ಯಾಡ ಮಗಳ. ಕೂಸು ಹೋತು, ಇನ್ನ ಬರೂದಿಲ್ಲ. ನಾಳೆ ನಿನ್ನ ಕಡೆ ಗಂಟಲ ತೋರಿಸಾಕ ಯಾರ ಬರ್ತಾರ? ನನ್ನ ಮಗ್ಗದ ಕಡೆ ಯಾರ ಹಾಯ್ತಾರ?"

ಮೂಲೆಯಲ್ಲಿ ಆಯಿ ಮಂಚ ಹಿಡಿದು ಮಲಗಿದ್ದಳು. ವರದಿ ಬಂದಾಗಿನಿಂದ ಒಂದೇ ಮಾತು: "ನಾನ ಆಕೀ ಕೈಯಾಗ ಲಾಳಿ ಕೊಟ್ಟೆ. ನಾನ ಕೊಟ್ಟೆ."

ಗುಳಿಗೆ ಮುಗಿದು, ಗಂಟಲು ಶುದ್ಧವಾಯಿತು ಎಂದು ಎರಡೆರಡು ಸಲ ಪರೀಕ್ಷೆ ಹೇಳಿದ ಮೇಲೆ ಅಕ್ಷತಾ ಜಮಖಂಡಿಯಲ್ಲಿ ಬಸ್ ಬದಲಿಸಿ ಗಲಗಲಿಗೆ ಹೋದಳು. ಮಾಯವ್ವನ ತವರು ಊರ ಹೊರಗೆ, ಕುರಿದೊಡ್ಡಿಗೆ ಹೊಂದಿ. ಸಿದ್ದಾರೂಢ ಕೂಲಿಗೆ ಹೋಗಿದ್ದ. ಮಾಯವ್ವ ಅಂಗಳದಲ್ಲಿ ಕೂತಿದ್ದಳು. ಇವಳನ್ನು ಕಂಡು ಎದ್ದು ನಿಂತು, ತಾನು ಕೂತಿದ್ದ ಚಾಪೆ ಕೊಡವಿ ಹಾಸಿದಳು. ಆ ಮರ್ಯಾದೆಯನ್ನು ತಡೆದುಕೊಳ್ಳುವುದೇ ಅಕ್ಷತಾಗೆ ಕಷ್ಟವಾಯಿತು. ನಿಂತೇ ಹೇಳಿದಳು. ಲಾಳಿ, ವಾರ್ಡು, ವರದಿ, ಎಲ್ಲವನ್ನೂ ಹೇಳಿದಳು. "ನಿಮ್ಮಿಂದ ಬಂದದ್ದಲ್ಲ ಮಾಯವ್ವ. ನನ್ನಿಂದ ಬಂದದ್ದು."

ಮಾಯವ್ವ ಬೈದಾಳು, ಹೊಡೆದಾಳು, ಹೊಡೆದರೆ ಒಳ್ಳೆಯದು ಎಂದು ಅಕ್ಷತಾ ಕಾದಳು.

"ನಮ್ಮ ದೇವ್ರು ಬೀರಪ್ಪಗ ಬೇಡ್ಕೊಂಡ ಹರಕಿ ಮುಟ್ಟಿಸಿರಲಿಲ್ರಿ ನಾ" ಎಂದಳು ಮಾಯವ್ವ ಕೊನೆಗೆ. "ಅದಕ್ಕ ಕೂಸಿನ್ನ ಒಯ್ದ ಅಂತ ತಿಳಕೊಂಡಿದ್ದೆ. ನಾನ ನನ್ನ ಕೂಸಿಗೆ ಮುಳುವಾದೆ ಅಂತ ದಿನಾ ಸಾಯಾಕತ್ತಿದ್ದೆ. ನನ್ನ ತಮ್ಮನ ಹೇಂತಿ ತನ್ನ ಮಕ್ಕಳನ್ನ ನನ್ನ ಹಂತ್ಯಾಕ ಬಿಡವಲ್ಲಳು. ಇದನ್ನ ಇಲ್ಲಿ ಬಂದು, ಒಬ್ಬಾಕಿ ಇದ್ದಾಗ ನನಗ ಹೇಳಿದ್ರ ಏನ ಬಂತ್ರಿ ಅಕ್ಕಾರ? ಮೊದಲ ಎಲ್ಲಿ ಹೇಳಿದ್ರಿ, ಅಲ್ಲೇ ಹೇಳ್ರಿ. ನಾ ಬರ್ತೀನಿ."

ಬಂದರು. ಸಮುದಾಯ ಭವನದಲ್ಲಿ ನಕ್ಷೆ ಇನ್ನೂ ಗೋಡೆಯ ಮೇಲಿತ್ತು. ಗುರುಪಾದರು ಮಂದಿಯನ್ನು ಕೂಡಿಸಿದ್ದರು. ಈಶ್ವರ ಬಾಗಿಲಾಚೆ ತಲೆ ತಗ್ಗಿಸಿ ನಿಂತಿದ್ದ. ಮಾಯವ್ವ ಹೆಂಗಸರ ಹಿಂದೆ ಗೋಡೆಗೆ ಹೋಗಿ ನಿಂತಳು. ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ಕೂತರು.

ಅಕ್ಷತಾ ಸಿದ್ದಾರೂಢನ ಮನೆಯ ಮೇಲಿದ್ದ ದೊಡ್ಡ ಟಿಕಳಿಯನ್ನು ಕಿತ್ತಳು. ಜೊತೆಗೆ ಕಾಗದವೂ ಹರಿದು ಬಂತು. ಅದನ್ನು ತನ್ನ ಮನೆಯ ಮೇಲೆ ಒತ್ತಿದಳು. "ರೋಗ ಗಲಗಲಿಯಿಂದ ಬಂದಿಲ್ಲ. ಮಾಯವ್ವ ತಂದಿಲ್ಲ. ನಾ ತಂದೀನಿ" ಎಂದು ಶುರು ಮಾಡಿ, ಒಂದನ್ನೂ ಮುಚ್ಚಿಡದೆ ಹೇಳಿದಳು. ಹೇಳಿ ಮುಗಿಸುವಾಗ ಅಳು ಉಕ್ಕಿ ಬಂತು. ಈಗ ಕಲ್ಲು ಬೀಳುತ್ತವೆ ಎಂದುಕೊಂಡಳು.

ಕಲ್ಲು ಬೀಳಲಿಲ್ಲ. ಗಿರಿಮಲ್ಲಪ್ಪ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ಅಳಬ್ಯಾಡ ತಂಗಿ. ನೀ ಏನ ಬೇಕಂತ ಮಾಡಿದ್ದೇನು? ಗೊತ್ತಿಲ್ಲದ ಆದದ್ದು."

"ಹೌದವ್ವ, ಗೊತ್ತಿಲ್ಲದ ಆದದ್ದು. ಅಕೀ ಏನ ಮಾಡ್ಯಾಳು ಪಾಪ" ಎಂದರು ಹೆಂಗಸರು. ಒಬ್ಬಳು ಓಡಿ ಹೋಗಿ ಚರಿಗೆಯಲ್ಲಿ ನೀರು ತಂದು ಕೊಟ್ಟಳು. ಇನ್ನೊಬ್ಬಳು ಬೆನ್ನು ಸವರಿದಳು. ಇಷ್ಟು ಸಲೀಸಾಗಿ ಕ್ಷಮೆ ಸಿಕ್ಕೀತೆಂದು ಅಕ್ಷತಾ ಎಣಿಸಿರಲಿಲ್ಲ. ಎದೆಯ ಭಾರ ಇಳಿಯತೊಡಗಿತು. ಇಳಿಯುತ್ತಿದೆ ಎಂಬುದಕ್ಕೆ ಅವಳಿಗೇ ನಾಚಿಕೆಯಾಯಿತು.

"ಖರೆ ಐತ್ರಿ" ಎಂದಿತು ಹಿಂದಿನಿಂದ ಒಂದು ದನಿ. ಎಲ್ಲರೂ ಹೊರಳಿ ನೋಡಿದರು. ಮಾಯವ್ವ ಗೋಡೆ ಬಿಟ್ಟು ಮುಂದೆ ಬಂದಿದ್ದಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ, ನಿಜವಾಗಿಯೂ ತಿಳಿಯದೆ ಕೇಳುವವರ ದನಿ ಅದು.

"ಗೊತ್ತಿಲ್ಲದ ಆದದ್ದು, ಖರೆ. ನನಗೂ ಏನೂ ಗೊತ್ತಿರಲಿಲ್ರಿ. ನನ್ನ ಕೂಸಂತೂ ಸತ್ತ ಬಿದ್ದಿತ್ತು. ಅವತ್ತ ಈ ಮಾತು ನನಗ ಯಾಕ ಯಾರೂ ಅನ್ನಲಿಲ್ಲ?"

ಬೆನ್ನು ಸವರುತ್ತಿದ್ದ ಕೈ ನಿಂತಿತು. ಗಿರಿಮಲ್ಲಪ್ಪ ತಡವರಿಸಿಕೊಂಡು ಸೊಂಟದಿಂದ ಖೋಲಿಯ ಕೀಲಿಕೈ ಬಿಚ್ಚಿ ಅವಳ ಕಡೆ ಚಾಚಿದ. ಅವಳು ಅದರ ಕಡೆ ನೋಡಲಿಲ್ಲ, ಅಕ್ಷತಾಳನ್ನೇ ನೋಡುತ್ತ ನಿಂತಿದ್ದಳು. ಅಕ್ಷತಾ ನೀರಿನ ಚರಿಗೆಯನ್ನು ಕುಡಿಯದೆ ಕೆಳಗಿಟ್ಟಳು.